ಹಚ್ಚಿದ ತುಕ್ಕು

ನಮ್ಮ ಮನೆಯಲ್ಲಿ ಅದನ್ನು ಟ್ಯಾಂಕು ಎಂದು ಕರೆದವರಿಗೆ ಚಹಾ ತಡವಾಗಿ ಬರುತ್ತಿತ್ತು. ಮೊದಲು ಪಾಠ, ಆಮೇಲೆ ಚಹಾ. "ಟ್ಯಾಂಕ್ ಅಲ್ರಿ ಅದು," ಎಂದು ನನ್ನ ಗಂಡ ಶುರು ಮಾಡಿದರೆಂದರೆ ಬಂದವರು ಬಂದ ಕೆಲಸವನ್ನೇ ಮರೆಯಬೇಕು. ಅದು ಸಿಪಾಯಿಗಳನ್ನು ಹೊಟ್ಟೆಯೊಳಗೆ ಕೂರಿಸಿಕೊಂಡು ಓಡುವ ಉಕ್ಕಿನ ಗಾಡಿ, ಅದಕ್ಕೆ ಟಯರಿಲ್ಲ, ಸರಪಳಿ ಇದೆ, ತಲೆಯ ಮೇಲೆ ಸಣ್ಣ ತೋಪಿದೆ, ಬೇಕಾದರೆ ಹೊಳೆಯಲ್ಲಿ ಈಸಿ ಆಚೆ ದಂಡೆ ಸೇರುತ್ತದೆ. ಸೈನ್ಯದಲ್ಲಿದ್ದಷ್ಟು ಕಾಲ ಅವರು ಓಡಿಸಿದ್ದು ಅಂಥ ಗಾಡಿಯನ್ನೇ. ನಾನು ಜಮಖಂಡಿ ಪೇಟೆಯಲ್ಲಿ ಜಂಪರ್ ಹೊಲಿಯುವವಳು. ತೋಪು ಇದ್ದದ್ದೆಲ್ಲ ನನಗೆ ಟ್ಯಾಂಕೇ. ಅವರನ್ನು ಕೆಣಕಬೇಕು ಅನಿಸಿದಾಗೆಲ್ಲ ಹಾಗೇ ಅನ್ನುತ್ತಿದ್ದೆ.

ಅದು ಮನೆಗೆ ಬಂದಾಗ ಗಾಡಿಯಾಗಿ ಬರಲಿಲ್ಲ, ಒಂದು ರಟ್ಟಿನ ಡಬ್ಬಿಯಾಗಿ ಬಂತು. ಅದೇ ಗಾಡಿಯಲ್ಲಿ ಅವರ ಜೊತೆ ತೋಪಿನ ಹಿಂದೆ ಕೂರುತ್ತಿದ್ದ ಪಂಜಾಬಿನ ಗೆಳೆಯರೊಬ್ಬರು ಕೊರಿಯರಿನಲ್ಲಿ ಕಳಿಸಿದ್ದರು. ಡಬ್ಬಿಯ ಮೇಲೆ ಗಾಡಿಯ ಚಿತ್ರ. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಹುಣಸೆಕಾಯಿ ಗೊಂಚಲಿಗೆ ಜೋತು ಬಿದ್ದಂತೆ ಚೌಕಟ್ಟಿಗೆ ಸಣ್ಣ ಸಣ್ಣ ತುಂಡುಗಳು ಅಂಟಿಕೊಂಡಿದ್ದವು. ಒಂದೊಂದನ್ನೂ ಕತ್ತರಿಸಿ ತೆಗೆದು, ತಿಕ್ಕಿ ನುಣುಪು ಮಾಡಿ, ಅಂಟು ಹಚ್ಚಿ ಜೋಡಿಸಬೇಕು. ಕೆಲವು ತುಂಡು ಎಳ್ಳಿಗಿಂತ ಒಂದಿಷ್ಟು ದೊಡ್ಡವು, ಅಷ್ಟೇ.

"ಇದನ್ನ ಈಗ ಕಳಿಸ್ಯಾರಲ್ಲ, ಅವರಿಗೆ ನಿಮ್ಮ ಕಣ್ಣಿನ ಸುದ್ದಿ ಗೊತ್ತಿಲ್ಲೇನ್ರಿ?" ಎಂದು ಕೇಳಿದೆ. ನನಗೆ ಆ ಪಂಜಾಬಿಯ ಮೇಲೆ ಸಿಟ್ಟೇ ಬಂದಿತ್ತು.

"ಗೊತ್ತೈತಿ. ನಾನ ಹೇಳಿ ತರಿಸೀನಿ," ಎಂದರು.

ಕಣ್ಣಿನ ಸುದ್ದಿ ಹೊರಬಿದ್ದದ್ದು ಅದರ ಹಿಂದಿನ ಕಬ್ಬಿನ ಹಂಗಾಮಿನಲ್ಲಿ. ಸೈನ್ಯದಿಂದ ಬಂದ ಮೇಲೆ ಅವರು ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದರು. ಒಂದು ದಿನ ಕಬ್ಬು ಹೇರಿದ ಟ್ರ್ಯಾಕ್ಟರು ಪಕ್ಕದಲ್ಲೇ ಬಂದರೂ ಅವರು ಸರಿಯಲಿಲ್ಲ. ಹೊರಗೆ ಚಾಚಿದ್ದ ಕಬ್ಬು ಕೆನ್ನೆ ಗೀರಿ, ಟೋಪಿ ಕೆಡವಿ ಹೋಯಿತು. "ಕಣ್ಣ ಕಾಣ್ಸಂಗಿಲ್ಲೇನೋ?" ಎಂದು ಡ್ರೈವರ್ ಬೈದನಂತೆ. ಬೈಗುಳವೇ ನಿಜವಾಗಿತ್ತು. ಮುಧೋಳದ ಡಾಕ್ಟರು ನೋಡಿ ಮಿರಜಕ್ಕೆ ಬರೆದುಕೊಟ್ಟರು. ಮಿರಜದ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು: ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಅಕ್ಕಪಕ್ಕದ ನೋಟ ಆಗಲೇ ಹೋಗಿದೆ, ನಡುವಿನದಷ್ಟು ಉಳಿದಿದೆ. ಹೋದದ್ದು ತಿರುಗಿ ಬರುವುದಿಲ್ಲ. ಉಳಿದದ್ದು ಎಷ್ಟು ದಿನ ಎಂಬುದನ್ನು ಅವರೂ ಹೇಳಲಾರರು. ಔಷಧದ ಹನಿ ಬಿಡಬೇಕು, ಅಷ್ಟೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರೇ ನನಗೆ ಸಮಾಧಾನ ಹೇಳಿದರು. "ಮುಚ್ಚಳಾ ಹಾಕ್ಕೊಂಡು ಗಾಡಿ ಹೊಡದಂಗ ಐತಿ, ಮತ್ತೇನಿಲ್ಲ." ಗುಂಡು ಹಾರುವ ಕಡೆ ಡ್ರೈವರ್ ತಲೆಯ ಮೇಲಿನ ಮುಚ್ಚಳ ಹಾಕಿಕೊಂಡು, ಬೆರಳಗಲದ ಗಾಜಿನ ಸೀಳಿನಲ್ಲಿ ದಾರಿ ನೋಡುತ್ತ ಓಡಿಸಬೇಕಂತೆ. ಆ ಮುಚ್ಚಳವನ್ನು ಆಮೇಲೆ ತೆಗೆಯಲು ಬರುತ್ತಿತ್ತು ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಂದಿನಿಂದ ಅವರದು ಒಂದೇ ಉತ್ತರ: "ಕಾಣತೈತಿ." ಊಟದ ತಾಟು ಕಾಣುತ್ತದಾ, ಕಾಣತೈತಿ. ಹೊಸ್ತಿಲು ಕಾಣುತ್ತದಾ, ಕಾಣತೈತಿ. ಹೆಚ್ಚು ಕೆದಕಿದರೆ ಸಿಡುಕುತ್ತಿದ್ದರು. ಮೊದಲಿಂದಲೂ ಗಂಟಲು ದೊಡ್ಡದು. ಗಾಡಿಯ ಸದ್ದಿನಲ್ಲಿ ಕೂಗಿ ಕೂಗಿ ಹಾಗಾಯಿತು ಅನ್ನುತ್ತಿದ್ದರು. ಸಿಟ್ಟು ಬಂದರೆ ಓಣಿಯ ಆ ತುದಿಗೂ ಕೇಳಬೇಕು. ಅತ್ತೆಗೆ ಮಾತ್ರ ನಾವು ಪೂರ್ತಿ ಹೇಳಿರಲಿಲ್ಲ. "ಕಣ್ಣಾಗ ಉರಿ, ಔಷಧ ಹಾಕತಾರ," ಅಂದಿದ್ದೆವು. ಎಂಬತ್ತು ದಾಟಿದ ಮುದುಕಿ. ಪೊರೆ ತೆಗೆಸಿದ ಮೇಲೆ ಅವರಿಗೆ ನೆಲದ ಮೇಲಿನ ಸಾಸಿವೆ ಕಾಳೂ ಕಾಣುತ್ತಿತ್ತು. ಹೆತ್ತವಳಿಗೆ ಬೆಳಕು ಬಂದು ಮಗನಿಗೆ ಕತ್ತಲೆ ಇಳಿಯುತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಗಾಡಿ ಯಾಕೆ ತರಿಸಿದಿರಿ ಎಂದದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಹಾಗೇ ನೆನಪಿದೆ. "ಅದರೊಳಗ ಕುಂತ ಜಗತ್ತೆಲ್ಲಾ ನೋಡೀನಿ. ಅದನ್ನ ಹೊರಗ ನಿಂತು, ಸಮಾಧಾನ್ಲೆ, ಸುತ್ತ ತಿರುಗಿ ನೋಡಿದ್ದಿಲ್ಲ. ಕಣ್ಣ ಇರೋದರಾಗ ಒಮ್ಮೆ ನೋಡಿಬಿಡಬೇಕು." ಹೇಳಿ, ಉಗುರು ಕತ್ತರಿ ಕೊಡು ಎಂದು ಕೈ ಚಾಚಿದರು. ನಾನು ತಂದುಕೊಟ್ಟೆ.

ಮುಂಜಾನೆ ಬಿಸಿಲು ಬೀಳುವ ಕಿಟಕಿಯ ಬಳಿ ನನ್ನ ಬಟ್ಟೆ ಕತ್ತರಿಸುವ ಮೇಜಿತ್ತು. ಅದು ಅವರ ಪಾಲಾಯಿತು. ಮೇಲೆ ಬಿಳಿ ಅಸ್ತರಿನ ಬಟ್ಟೆ ಹಾಸಿಕೊಟ್ಟೆ, ತುಂಡು ಬಿದ್ದರೆ ಎದ್ದು ಕಾಣಲಿ ಎಂದು. ಆದರೂ ಬೀಳುತ್ತಿದ್ದವು. ಬಿದ್ದಾಗ ಮೂವರೂ ನೆಲ ತಡಕುವುದು, ಹುಡುಕಿ ಎತ್ತಿಕೊಡುವವರು ಅತ್ತೆ. "ಇಷ್ಟ ದೊಡ್ಡದು ಬಿದ್ದೈತಿ, ನಿಮಗ ಕಾಣ್ಸಂಗಿಲ್ಲೇನ? ಹರೇದ ಕಣ್ಣ ಇವು!" ಎಂದು ನಮ್ಮನ್ನು ಹಂಗಿಸುತ್ತಿದ್ದರು. ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡದೆ ನಗುತ್ತಿದ್ದೆವು. ಅಂಟಿನ ವಾಸನೆಗೆ ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಅಂಗಳಕ್ಕೆ ಹೋಗುತ್ತಿದ್ದರು. ತುಂಡು ಬಿದ್ದ ಸದ್ದು ಕೇಳಿದರೆ ಮತ್ತೆ ಒಳಗೆ ಬರುತ್ತಿದ್ದರು.

ಮಳೆಗಾಲ ಶುರುವಾಗುವ ಹೊತ್ತಿಗೆ ತುಂಡುಗಳ ಮೇಲಿನ ಅಂಕಿ ಓದುವ ಕೆಲಸ ನನಗೆ ಬಂತು. "ಅಕ್ಷರ ಭಾಳ ಸಣ್ಣ ಮಾಡ್ಯಾರ," ಅಂದರು. ಆಮೇಲೆ ಚಿಮಟದಲ್ಲಿ ತುಂಡು ಹಿಡಿಯುವ ಕೆಲಸವೂ ಬಂತು. ಜಂಪರಿನ ಹುಕ್ಕು ಹಚ್ಚಿ ಹಚ್ಚಿ ಪಳಗಿದ ಕೈ, ನನಗೇನು ಕಷ್ಟವಾಗಲಿಲ್ಲ. ಸರಪಳಿಯ ಕೊಂಡಿಗಳನ್ನು ಮಾತ್ರ ಅವರು ಯಾರಿಗೂ ಕೊಡಲಿಲ್ಲ. ಒಂದಕ್ಕೊಂದು ಸಿಕ್ಕಿಸುವ ಸಣ್ಣ ಕೊಂಡಿಗಳು ಅವು, ಎರಡು ಕಡೆಗೂ ಬೇಕು. ಅವನ್ನು ಅವರು ಕಿಟಕಿಯ ಆಚೆ ಮುಖ ಮಾಡಿಕೊಂಡು, ಬರೀ ಬೆರಳಿನಿಂದ ಸಿಕ್ಕಿಸುತ್ತ ಹೋದರು. "ಹೆಂಗ? ಕಣ್ಣ ಮುಚ್ಚಿ ಮಾಡ್ತೀನಿ ನೋಡ," ಎಂದು ಜಂಬ ಕೊಚ್ಚಿದರು. ನಾನು ಹಿಗ್ಗಿ ಪಕ್ಕದ ಮನೆಯವಳನ್ನು ಕರೆದು ತೋರಿಸಿದೆ. ಅವಳು ಬಾಯಿ ತೆರೆದುಕೊಂಡು ನೋಡಿ ಹೋದಳು.

ಬಣ್ಣಕ್ಕೆ ಬಂದಾಗ ನಮ್ಮಿಬ್ಬರಿಗೆ ಹತ್ತಿತು ಜಗಳ. ಈ ಆಟಿಗೆಗೆ ಬೇರೆಯೇ ಬಣ್ಣಗಳು ಸಿಗುತ್ತವಂತೆ, ನಮ್ಮೂರಲ್ಲಿ ಅವು ಎಲ್ಲಿಂದ ಬರಬೇಕು? ಕಬ್ಬಿಣದ ಸಾಮಾನಿನ ಅಂಗಡಿಯಿಂದ ಕಿಟಕಿ ಬಾಗಿಲಿಗೆ ಹಚ್ಚುವ ಆಯಿಲ್ ಪೇಂಟಿನ ಸಣ್ಣ ಡಬ್ಬಿಗಳನ್ನು ತಂದರು. ನನ್ನ ಬಾಬಿನ್ ಡಬ್ಬಿಯ ಮುಚ್ಚಳಗಳಲ್ಲಿ ಹಸಿರು, ಹಳದಿ, ಕಪ್ಪು ಕಲೆಸಿದರು. ಸೀರೆಗೆ ಜಂಪರಿನ ಬಟ್ಟೆ, ಜಂಪರಿಗೆ ದಾರ ಹೊಂದಿಸುವುದರಲ್ಲೇ ಆಯುಷ್ಯ ಕಳೆದವಳು ನಾನು. ಬಣ್ಣದ ವಿಷಯದಲ್ಲಿ ಗಂಡನಿಗಿರಲಿ, ಗಿರಾಕಿಗೂ ಸೋತವಳಲ್ಲ.

"ಇದು ಗಿಳಿ ಹಸರು ಆತ್ರಿ. ನಿಮ್ಮ ಗಾಡಿ ಮದಿವ್ಯಾಗ ತಿರಗತಿತ್ತೇನ?"

"ಹಂಗಾರ ನೀನ ಹೇಳ. ಬಿಸಲಿಗೆ ಬೆಂದ ಹಸರು ಅದು. ರಾಜಸ್ಥಾನದ ಬಿಸಲಿಗೆ."

"ಜ್ವಾಳದ ಎಲಿ ಒಣಗಾಕ ಹತ್ತಿದಾಗ ಬರತೈತಲ್ಲ, ಅದು?"

ಅವರ ಕೈ ನಿಂತಿತು. "ಹಾಂ. ಅದ. ಕರೆಕ್ಟ್ ಅದ."

ಆ ಹಸಿರು ಬರುವವರೆಗೆ ಅವರು ಕಲೆಸಿದರು, ನಾನು ಬೇಡ ಬೇಡ ಎಂದೆ. ಬಂದಾಗ ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು, ಅಥವಾ ನನಗೆ ಹಾಗೆ ಅನಿಸಿತು. ಮದುವೆಯಾದ ಮೇಲೆ ಬಹಳ ವರ್ಷ ಅವರು ಗಡಿಯಲ್ಲಿ, ನಾನು ಇಲ್ಲಿ. ಒಂದೇ ಮೇಜಿಗೆ ಎದುರುಬದುರು ಕೂತು ಒಂದು ಕೆಲಸ ಮಾಡಿದ್ದು ಆ ಮಳೆಗಾಲದಲ್ಲೇ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಹೆದರಿಕೆ ಹೋಗಿರಲಿಲ್ಲ, ಆದರೂ ಸುಖವಾಗಿದ್ದೆ.

ಬಣ್ಣ ಹಚ್ಚಿದ ಮೇಲೆ ಗಾಡಿ ಮಿರಿಮಿರಿ ಮಿಂಚಿತು. ಮುಗಿಯಿತಲ್ಲ, ಇನ್ನು ನೋಡಿಕೊಳ್ಳಿ ಎಂದೆ. ಅವರು ಮುಖ ಗಂಟಿಕ್ಕಿದರು. "ಹಿಂಗ ಯಾವ ಗಾಡಿ ಇರತೈತಿ? ಶೋರೂಮಿನಾಗ ಇಡಾಕ ಬರತೈತಿ ಇದು. ದುಡದದ್ದು ಕಾಣಬೇಕು." ಅಷ್ಟು ಚಂದದ ಬಣ್ಣದ ಮೇಲೆ ಹೊಲಸು ಮಾಡಲು ಕೂತರು. ತುಬಚಿಯಲ್ಲಿರುವ ನಮ್ಮ ಮನೆತನದ ಹೊಲದ ಮಣ್ಣನ್ನು ತರಿಸಿ, ನನ್ನ ತೆಳು ಮಲ್ ಬಟ್ಟೆಯಲ್ಲಿ ಸೋಸಿ, ಬಣ್ಣದಲ್ಲಿ ಕಲೆಸಿ ಸರಪಳಿಗೂ ಗಾಲಿಗೂ ಕೆಸರು ಮಾಡಿದರು. ಹೊಗೆ ಬಿಡುವ ಜಾಗಕ್ಕೆ ಮಸಿ. ಅದರ ಸುತ್ತ, ಬೋಲ್ಟುಗಳ ಕೆಳಗೆ, ಮಳೆನೀರು ಇಳಿದು ಬರುವ ಕಡೆಯೆಲ್ಲ ತುಕ್ಕು, ನಮ್ಮ ಮಾತಿನಲ್ಲಿ ಜಂಗು. ಕೆಂಪು, ಕಪ್ಪು, ಚೂರು ಹಳದಿ ಸೇರಿಸಿ ತುಕ್ಕಿನ ಬಣ್ಣವನ್ನು ನನ್ನನ್ನು ಕೇಳದೆ ಅವರೇ ಮಾಡಿದರು. ನಾಲ್ಕೆಳೆ ಕೂದಲು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದ ಕುಂಚ ಹಿಡಿದು, ಗಾಡಿಯನ್ನು ಮೂಗಿಗೆ ತಾಗಿಸಿಕೊಂಡು, ಬಿಸಿಲು ಕಿಟಕಿಯಲ್ಲಿದ್ದಷ್ಟು ಹೊತ್ತು ಮಾತ್ರ ಹಚ್ಚುತ್ತಿದ್ದರು. ಮೋಡ ಬಂದರೆ ಕುಂಚ ಕೆಳಗಿಟ್ಟು ಕಾಯುತ್ತಿದ್ದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಂಡು ಮತ್ತೆ ಕೂರುತ್ತಿದ್ದರು. ನಾನು ಬೈದೆ, ಬೇಡಿಕೊಂಡೆ, ಕುಂಚ ಕಸಿದುಕೊಂಡೆ. ಕೇಳಲಿಲ್ಲ.

ಮಹಾನವಮಿಗೆ ಎರಡು ಮೂರು ದಿನ ಇದ್ದಾಗ ಕುಂಚ ತೊಳೆದಿಟ್ಟರು. ಗಾಡಿ ಥೇಟ್ ಯಾವುದೋ ರಣದಿಂದ ಆಗ ತಾನೇ ಬಂದು ನಿಂತಂತಿತ್ತು. ತುಕ್ಕಂತೂ ಮುಟ್ಟಿದರೆ ಬೆರಳಿಗೆ ಹತ್ತುತ್ತದೆ ಅನ್ನುವಷ್ಟು ಖರೆ. ಅವತ್ತು ಮೋಡವಿತ್ತು. "ಹಬ್ಬ ಮುಗೀಲಿ. ಬಣ್ಣ ಆರಲಿ. ಛಲೋ ಬಿಸಲಾಗ ಇಟ್ಟು ನೋಡ್ತೀನಿ," ಎಂದು ಕಪಾಟಿನ ಮೇಲೆ ಇಟ್ಟರು.

ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯ್ದು ಹೊಲ ಮಾಡಿದ ಮನೆತನ. ನವಮಿಯ ದಿನ ಖಂಡೇಪೂಜೆ. ಮನೆಯಲ್ಲಿ ದುಡಿದ ಕಬ್ಬಿಣವನ್ನೆಲ್ಲ ತುಕ್ಕು ತೆಗೆದು, ತೊಳೆದು, ಕಂಬಳಿಯ ಮೇಲಿಟ್ಟು ಅರಿಶಿನದ ಭಂಡಾರ ಹಚ್ಚಿ ಪೂಜಿಸುತ್ತೇವೆ. ತುಕ್ಕು ಹಿಡಿದದ್ದನ್ನು ದೇವರ ಮುಂದೆ ಇಡುವಂತಿಲ್ಲ. ಅವರ ತಮ್ಮ ಬೈಕಿನಲ್ಲಿ ಬಂದು, ಹೊಲದ ಪಂಪು, ಟ್ರ್ಯಾಕ್ಟರುಗಳ ಪೂಜೆಗೆ ಅವರನ್ನು ತುಬಚಿಗೆ ಕರೆದೊಯ್ದ. ನಾನು ಅಂಗಡಿಯ ಹೊಲಿಗೆ ಯಂತ್ರಗಳನ್ನು ಒರೆಸಿ ಪೂಜೆ ಮಾಡಲು ಪೇಟೆಗೆ ಹೋದೆ. ಮನೆಯ ಕಬ್ಬಿಣ ಎಂದಿನಂತೆ ಅತ್ತೆಯ ಪಾಲಿಗೆ ಬಂತು.

ಮಧ್ಯಾಹ್ನದ ಹೊತ್ತಿಗೆ ತಿರುಗಿ ಬಂದೆ. ಮನೆಯೆಲ್ಲ ಚಿಮಣಿ ಎಣ್ಣೆಯ ವಾಸನೆ. ರೇಷನ್ನಿನಲ್ಲಿ ಆ ಎಣ್ಣೆ ಬರುವುದು ನಿಂತು ಎಷ್ಟೋ ಕಾಲವಾಯಿತು, ಅತ್ತೆ ಒಂದು ಬಾಟಲಿಯನ್ನು ಈ ಹಬ್ಬಕ್ಕೆಂದೇ ಜೋಪಾನ ಮಾಡಿದ್ದರು. ಕಂಬಳಿಯ ಮೇಲೆ ಸಾಲಾಗಿ ಕುಡಗೋಲು, ಈಳಿಗೆ, ನನ್ನ ಕತ್ತರಿಗಳು, ಮಾವನ ಕಾಲದ ಉಣ್ಣೆ ಕತ್ತರಿಸುವ ಕತ್ತರಿ. ಎಲ್ಲ ಫಳಫಳ. ನಟ್ಟನಡುವೆ ಚೆಂಡು ಹೂವು ಮುಡಿದು, ಭಂಡಾರ ಬಳಿದುಕೊಂಡು, ಬೂದು ಬಣ್ಣದ ಬೋಳು ಪ್ಲಾಸ್ಟಿಕ್ ಗಾಡಿ. ಸಂದಿಯಲ್ಲಿ ಎಲ್ಲೋ ಒಂದಿಷ್ಟು ಹಸಿರು ಉಳಿದಿತ್ತು. ತುಕ್ಕು ಹೆಸರಿಗೂ ಇರಲಿಲ್ಲ.

"ಅತ್ತಿ, ಏನ ಮಾಡಿದ್ರಿ ಇದನ್ನ?"

"ಏನ ಮಾಡ್ಲಿ? ಜಂಗ ಹತ್ತಿ ಹಾಳಾಗಿತ್ತ ತಂಗಿ. ಕೆಸರ ಬ್ಯಾರೆ. ನನ್ನ ಮಗನ ಅನ್ನದ ಗಾಡಿ, ಹಂಗ ದೇವರ ಮುಂದ ಇಡಾಕ ಬರತೈತೇನ? ಚಿಮಣಿ ಎಣ್ಣಿ ಹಚ್ಚಿ ತಿಕ್ಕಿದೆ. ಜಂಗಿನ ಕೂಡ ಆ ಬಣ್ಣಾನೂ ಹೋತು, ಕಳಪಿ ಬಣ್ಣ ಅದು. ಆಮ್ಯಾಲೆ ಸಬಕಾರ ಹಚ್ಚಿ ತೊಳದೆ. ಈಗ ನೋಡ, ಹೆಂಗ ಬೆಳ್ಳಗ ಆಗೈತಿ." ತಿಕ್ಕಿ ತಿಕ್ಕಿ ಅವರ ಬೆರಳ ತುದಿಗಳು ಕೆಂಪಾಗಿದ್ದವು. ಮುಖದಲ್ಲಿ ಮಾಡಬೇಕಾದ್ದು ಮಾಡಿದ ಸಮಾಧಾನವಿತ್ತು.

ನಾನು ಅರಚಿದೆ. ಹಬ್ಬದ ದಿನ, ದೇವರ ಮುಂದೆ, ಹಿರಿಯ ಜೀವ ಎಂಬುದೆಲ್ಲ ಮರೆತು ಅರಚಿದೆ. ಅದು ಜಂಗಲ್ಲ, ಅವರು ದಿನಗಟ್ಟಲೆ ಕೂತು ಹಚ್ಚಿದ ಬಣ್ಣ ಎಂದೆ. ಜಂಗನ್ನು ಯಾರಾದರೂ ಬೇಕೆಂದು ಹಚ್ಚುತ್ತಾರಾ ಎಂದು ಅತ್ತೆ ನನ್ನ ಮುಖವನ್ನೇ ನೋಡಿದರು. ಕಬ್ಬಿಣ ಕಂಡರೆ ತುಕ್ಕು ತೆಗೆಯುವುದನ್ನೇ ಜನ್ಮವಿಡೀ ಮಾಡಿದ ಕೈಗಳು ಅವು. ನಾನು ಗೋಡೆಗೆ ಒರಗಿ ಕುಳಿತೆ. ಅತ್ತೆಗೆ ನಿಧಾನವಾಗಿ ಏನೋ ತಪ್ಪಾಗಿದೆ ಎಂದು ಹೊಳೆಯಿತು. "ಅಂವ ಬೈತಾನೇನ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಬೈಯದೆ ಬಿಡುತ್ತಾರೆಯೇ? ಬಚ್ಚಿಡೋಣ ಎಂದುಕೊಂಡೆ, ಬಂದೊಡನೆ ಕೇಳುತ್ತಾರೆ. ಬೆಕ್ಕು ಕೆಡವಿತು ಎನ್ನೋಣ ಎಂದುಕೊಂಡೆ, ಬೆಕ್ಕು ಸಾಬೂನು ಹಚ್ಚುವುದಿಲ್ಲ. ಕೊನೆಗೆ ಇದ್ದದ್ದನ್ನು ಇದ್ದಂತೆ ತೋರಿಸಿ, ಬೈಗುಳವನ್ನೆಲ್ಲ ನಾನೇ ತಿಂದು, ಹಬ್ಬದ ನಂತರ ಮತ್ತೆ ಮೊದಲಿನಿಂದ ಹಚ್ಚೋಣ ಎಂದು ಗಟ್ಟಿ ಮಾಡಿಕೊಂಡೆ. ಜೋಳದ ಎಲೆಯ ಹಸಿರು ನನಗೆ ಬಾಯಿಪಾಠವಿತ್ತಲ್ಲ. ತುಕ್ಕು ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಮೋಡ ಹರಿದು ಬಿಸಿಲು ಬಂದಿತ್ತು. ತಮ್ಮ ಅವರನ್ನು ಬಾಗಿಲಲ್ಲೇ ಇಳಿಸಿ ಹೋದ. ಹಣೆಯ ತುಂಬ ಭಂಡಾರ, ಮುಖದಲ್ಲಿ ಖುಷಿ. ಚಪ್ಪಲಿ ಬಿಡುತ್ತಲೇ, "ಬಿಸಲ ಬಂತ ನೋಡ. ಗಾಡಿ ಎಲ್ಲೈತಿ, ತಾ ಇಲ್ಲೆ," ಅಂದರು.

"ಅವ್ವ ಪೂಜಿಗಿ ಇಟ್ಟಾರ್ರಿ," ಎಂದು ಹೇಳಿ, ಕಂಬಳಿಯ ಮೇಲಿಂದ ತೆಗೆದು ಅವರ ಕೈಗೆ ಕೊಟ್ಟು, ಅಲ್ಲೇ ನಿಂತೆ. ಅತ್ತೆ ನನ್ನ ಹಿಂದೆ ಬಂದು ನಿಂತರು. ನನ್ನ ಸೆರಗಿನ ತುದಿ ಹಿಡಿದುಕೊಂಡದ್ದು ಗೊತ್ತಾಯಿತು.

ಅವರು ಹೊಸ್ತಿಲ ಮೇಲೆ, ಬಿಸಿಲಿಗೆ ಮುಖ ಮಾಡಿ ಕುಳಿತರು. ಹೂವು ತೆಗೆದು ಪಕ್ಕಕ್ಕಿಟ್ಟು, ಹೆಬ್ಬೆರಳಿನಿಂದ ಭಂಡಾರ ಒರೆಸಿದರು. ಗಾಡಿಯನ್ನು ಮುಖದ ಹತ್ತಿರ ತಂದು, ದೂರ ಹಿಡಿದು, ಸುತ್ತ ತಿರುಗಿಸಿದರು. ಈಗ ಕೂಗುತ್ತಾರೆ, ಈಗ ಓಣಿ ಸೇರುತ್ತದೆ ಎಂದು ಹಲ್ಲು ಕಚ್ಚಿಕೊಂಡೆ.

"ಇಲ್ಲಿ ನೋಡ," ಎಂದು ಹೊಗೆ ಬಿಡುವ ಜಾಗದ ಮೇಲೆ ಬೆರಳಿಟ್ಟರು. ಅಲ್ಲಿ ಬೋಳು ಪ್ಲಾಸ್ಟಿಕ್ ಬಿಸಿಲಿಗೆ ಮಿಂಚುತ್ತಿತ್ತು. "ಜಂಗ ಹೆಂಗ ಬಂದೈತಿ! ಖರೇನ ಹತ್ತಿದಂಗ ಐತಿ. ಅವತ್ತ ಮೋಡದಾಗ ಇಷ್ಟ ತಿಳೀಲಿಲ್ಲ. ಬಿಸಲಾಗ ನೋಡಿದರ ತಿಳೀತೈತಿ." ಆಮೇಲೆ ಗುಮಾನಿ ಬಂದವರಂತೆ ತಲೆ ಎತ್ತಿದರು. "ಬೇ ಅವ್ವಾ, ಹಬ್ಬಂತ ಎಲ್ಲಾ ತಿಕ್ಕತಿ ನೀ. ಇದನ್ನ ತಿಕ್ಕಿಲ್ಲಲಾ?"

ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದರು. ಮಗನ ಮುಖ ನೋಡಿದರು, ಅವನ ಕೈಯಲ್ಲಿದ್ದದ್ದನ್ನು ನೋಡಿದರು, ಮತ್ತೆ ಮುಖ ನೋಡಿದರು. ನಾವು ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ಆ ಹೊತ್ತಿನಲ್ಲಿ ಅವರಿಗೆ ತಿಳಿದುಹೋಯಿತು.

"ಇಲ್ಲೋ ಯಪ್ಪಾ," ಎಂದರು. "ನಾ ಯಾಕ ತಿಕ್ಕಲಿ? ಭಂಡಾರ ಅಷ್ಟ ಹಚ್ಚೀನಿ."

"ಛಲೋ ಮಾಡಿದಿ," ಎಂದು ಅವರು ಮತ್ತೆ ಗಾಡಿಯ ಕಡೆ ತಿರುಗಿ, ಇಲ್ಲದ ಕೆಸರನ್ನು, ಇಲ್ಲದ ಮಸಿಯನ್ನು ಒಂದೊಂದಾಗಿ ನನಗೆ ತೋರಿಸತೊಡಗಿದರು. ನಾನು ಪಕ್ಕದಲ್ಲಿ ಕುಳಿತು ಹೌದ್ರಿ, ಹೌದ್ರಿ ಎಂದೆ. ಬೈಗುಳಕ್ಕೆ ಮೈಯೆಲ್ಲ ಬಿಗಿಹಿಡಿದು ನಿಂತವಳು ನಾನು. ಅವತ್ತು ಅವರು ಓಣಿಗೆಲ್ಲ ಕೇಳುವಂತೆ ನನ್ನನ್ನು ಬೈದಿದ್ದರೆ, ಬೈದು ಆ ಗಾಡಿಯನ್ನು ಗೋಡೆಗೆ ಒಗೆದು ಚೂರು ಮಾಡಿದ್ದರೆ, ನಾನು ಆ ಚೂರುಗಳನ್ನು ಉಡಿಯಲ್ಲಿ ತುಂಬಿಕೊಂಡು ಹೋಗಿ ಬೀರಪ್ಪನಿಗೆ ಕಾಯಿ ಒಡೆಸಿ ಬರುತ್ತಿದ್ದೆ.